ಆಲ್ಫಾ ಕಣದ ಅಪಾಯ
ಕೆಲವು ವಿಕಿರಣಶೀಲ ಪರಮಾಣುಗಳು ಹೊರಸೂಸುವ ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ, ಆದ್ದರಿಂದ ಅದು ನಿರಪಾಯಕಾರಿ ಎಂದು ಲೇಖನವೊಂದು ಹೇಳುತ್ತದೆ. ಆ ಮಾತಿನಲ್ಲಿ ಮೊದಲರ್ಧ ಮಾತ್ರ ಸರಿ; ಅದು ವಿದ್ಯಾರ್ಥಿಗಳೂ ಓದುವ ಬರಹವಾದ್ದರಿಂದ ಇದನ್ನು ಹೇಳಲೇಬೇಕಿದೆ. ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್‌ಗಳ ಈ ಭಾರವಾದ ಕಣವು ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಸಾಗಿ ನಿಲ್ಲುತ್ತದೆ, ಏಕೆಂದರೆ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತೆಸೆಯುತ್ತ ತನ್ನ ಶಕ್ತಿಯನ್ನೆಲ್ಲ ಅಷ್ಟರಲ್ಲೇ ಕಳೆದುಕೊಂಡಿರುತ್ತದೆ. ಚರ್ಮದ ಹೊರಪದರದ ಸತ್ತ ಕೋಶಗಳು ಅದನ್ನು ತಡೆದುಕೊಳ್ಳುತ್ತವೆ, ನಿಜ. ಆದರೆ ಯುರೇನಿಯಂ-238ರ ಕ್ಷಯ ಸರಣಿಯಲ್ಲಿ, ಅಂದರೆ ಅದು ವಿಕಿರಣ ಸೂಸುತ್ತ ಒಂದಾದ ಮೇಲೊಂದರಂತೆ ಬೇರೆ ಧಾತುಗಳಾಗಿ ಬದಲಾಗುವ ಹಾದಿಯಲ್ಲಿ, ಹುಟ್ಟುವ ರೇಡಾನ್-222 ಅನಿಲವಿರುವ ಗಾಳಿಯನ್ನು ಉಸಿರಾಡಿದಾಗ, ರೇಡಾನಿನಿಂದ ಉಂಟಾದ ಪೊಲೋನಿಯಂ ಎಂಬ ವಿಕಿರಣಶೀಲ ಧಾತು ಶ್ವಾಸನಾಳದ ಒಳಪದರಕ್ಕೇ ಅಂಟಿಕೊಂಡು, ಅದು ಹೊರಸೂಸುವ ಆಲ್ಫಾ ಕಣಗಳು ಜೀವಂತ ಕೋಶಗಳ ಡಿಎನ್‌ಎಯನ್ನು ತೀರ ಸಮೀಪದಿಂದ ತುಂಡರಿಸುತ್ತವೆ. ವಿಕಿರಣ ಸುರಕ್ಷತೆಯ ಲೆಕ್ಕಾಚಾರದಲ್ಲಿ ಗ್ಯಾಮಾ ಕಿರಣಕ್ಕೆ 1 ಎಂಬ ತೂಕಾಂಶ (ಅಷ್ಟೇ ಶಕ್ತಿ ದೇಹಕ್ಕೆ ಸೇರಿದಾಗ ಯಾವ ವಿಕಿರಣ ಎಷ್ಟು ಹೆಚ್ಚು ಹಾನಿಕರ ಎಂದು ತೋರಿಸುವ ಸಂಖ್ಯೆ) ಇದ್ದರೆ ಆಲ್ಫಾಕ್ಕೆ 20 ಇರುವುದು ಈ ಕಾರಣದಿಂದಲೇ.