ಹಿಟ್ಲರ್ ವಿರುದ್ಧದ ಯುದ್ಧಕ್ಕೆ ಐರ್ಲೆಂಡ್ ಇಳಿಯದಿದ್ದದ್ದು ಸರಿಯೇ?

ಪರ: ಇಳಿದಿದ್ದರೆ ಮನೆಯೇ ಒಡೆಯುತ್ತಿತ್ತು

1939ರಲ್ಲಿ ಮಹಾಯುದ್ಧ ಶುರುವಾದಾಗ ಐರ್ಲೆಂಡಿನ ಅಂತರ್ಯುದ್ಧ ಮುಗಿದು ಬರೀ 16 ವರ್ಷ. ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪಬೇಕೋ ಬೇಡವೋ ಅಂತ ಐರಿಷರು ಐರಿಷರನ್ನೇ ಕೊಂದಿದ್ದರು. ಅದರಲ್ಲಿ ಸೋತ ಬಣದ ಏಮನ್ ಡಿ ವಲೇರಾ ಆಗ ಪ್ರಧಾನಿ. ಉತ್ತರದ ಆರು ಕೌಂಟಿಗಳು ಇನ್ನೂ ಬ್ರಿಟನ್ ಕೈಯಲ್ಲೇ. ಅದೇ ವರ್ಷ ಬ್ರಿಟಿಷರನ್ನು ಅಲ್ಲಿಂದ ಓಡಿಸಲು ಹೊರಟಿದ್ದ ಸಶಸ್ತ್ರ ಗುಂಪು ಐಆರ್‌ಎ ಇಂಗ್ಲೆಂಡಿನ ಊರುಗಳಲ್ಲಿ ಬಾಂಬ್ ಇಡುತ್ತಿತ್ತು. ಇಂಥ ಹೊತ್ತಲ್ಲಿ ಬ್ರಿಟಿಷರ ಪಕ್ಕ ನಿಂತು ಹೋರಾಡಿ ಅಂತ ಯಾವ ಬಾಯಲ್ಲಿ ಹೇಳುವುದು?

ಅಮೆರಿಕವೇ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬೀಳುವ ತನಕ ಯುದ್ಧಕ್ಕೆ ಇಳಿಯಲಿಲ್ಲ. ನಾರ್ವೆ, ಹಾಲೆಂಡ್, ಬೆಲ್ಜಿಯಂ ಕೂಡ ತಮ್ಮ ಮೇಲೆ ದಾಳಿ ಆಗುವವರೆಗೆ ದೂರವೇ ಇದ್ದವು. ಬುದ್ಧಿ ಹೇಳಿಸಿಕೊಳ್ಳಬೇಕಾದದ್ದು ಐರ್ಲೆಂಡ್ ಮಾತ್ರ ಯಾಕೋ!

ದೂರ ಇದ್ದರೂ ಪೆಟ್ಟು ತಪ್ಪಲಿಲ್ಲ. 1941ರ ಮೇ 31ರಂದು ಜರ್ಮನ್ ಬಾಂಬ್ ಡಬ್ಲಿನ್‌ನ ನಾರ್ತ್ ಸ್ಟ್ರ್ಯಾಂಡ್ ಮೇಲೆ ಬಿದ್ದು 28 ಜನ ಸತ್ತರು. ಯುದ್ಧಕ್ಕೇ ಇಳಿದಿದ್ದರೆ, ನೆಟ್ಟಗೆ ವಿಮಾನಪಡೆಯೂ ಇಲ್ಲದ ಆ ದೇಶದ ಗತಿ ಏನಾಗುತ್ತಿತ್ತು?

ಇನ್ನು, ತಟಸ್ಥ ಅಂದರೆ ಕೈಕಟ್ಟಿ ಕೂತರು ಅಂತಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ ಕೈಯಲ್ಲಿದ್ದ ಉತ್ತರದ ಬೆಲ್‌ಫಾಸ್ಟ್ ಜರ್ಮನ್ ಬಾಂಬಿಗೆ ಹೊತ್ತಿ ಉರಿದಾಗ ಡಿ ವಲೇರಾ ಗಡಿ ನೋಡಲಿಲ್ಲ. ಡಬ್ಲಿನ್, ಡ್ರೊಹೆಡಾ, ಡಂಡಾಕ್ ಊರುಗಳಿಂದ ಬೆಂಕಿ ಆರಿಸುವ ಗಾಡಿಗಳು ಉತ್ತರಕ್ಕೆ ಓಡಿದವು. ಅಟ್ಲಾಂಟಿಕ್ ಮೇಲೆ ಕಾವಲು ಹೋಗುವ ಬ್ರಿಟಿಷ್ ವಿಮಾನಗಳು ಐರ್ಲೆಂಡಿನದೇ ಡನಿಗಾಲ್ ಕೌಂಟಿಯ ಮೇಲಿಂದ ಹಾರಿಹೋಗಲು ಸುಮ್ನೆ ಬಿಟ್ಟರು.

ಮೇಯೋ ಕೌಂಟಿಯ ಬ್ಲ್ಯಾಕ್‌ಸಾಡ್ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಮೋರಿನ್ ಫ್ಲ್ಯಾವಿನ್ ಎಂಬ ಯುವತಿ ಗಂಟೆ ಗಂಟೆಗೂ ಬ್ಯಾರೋಮೀಟರ್ ನೋಡಿ ಬರೆದು ಕಳಿಸಬೇಕಿತ್ತು. 1944ರ ಜೂನ್ ಮೊದಲ ವಾರ ಗಾಳಿಯ ಒತ್ತಡ ಸರ್ರನೆ ಇಳಿಯಿತು, ಅಂದರೆ ಬಿರುಗಾಳಿಯ ಸೂಚನೆ. ಇನ್ನೊಮ್ಮೆ ನೋಡಿ ಹೇಳಿ ಅಂತ ಇಂಗ್ಲೆಂಡಿನಿಂದ ಫೋನ್ ಬಂತು. ಆಕೆ ಮತ್ತೆ ನೋಡಿದರೂ ಅಂಕಿ ಅದೇ. ಹಿಟ್ಲರ್ ವಿರುದ್ಧ ಬ್ರಿಟನ್, ಅಮೆರಿಕ ಮುಂತಾದ ಮಿತ್ರಪಡೆಗಳು ಫ್ರಾನ್ಸಿನಲ್ಲಿ ನಡೆಸಿದ ನಾರ್ಮಂಡಿ ದಾಳಿ ಜೂನ್ 5ರಿಂದ 6ಕ್ಕೆ ಮುಂದೆ ಹೋಗುವುದರಲ್ಲಿ ಆ ವರದಿಯ ಪಾಲೂ ಇತ್ತು. ತಟಸ್ಥ ದೇಶದಿಂದ ಬೇರೇನು ಸಹಾಯ ಬೇಕು, ಹೇಳಿ.

ವಿರೋಧ: ಕದ್ದು ಮಾಡಿದ ಸಹಾಯಕ್ಕೆ ಮರ್ಯಾದೆ ಎಲ್ಲಿ?

1938ರಲ್ಲಿ ಬ್ರಿಟನ್ ಕೋವ್, ಬೆರ್‌ಹೇವನ್, ಲಾಖ್ ಸ್ವಿಲಿ ಬಂದರುಗಳನ್ನು ಐರ್ಲೆಂಡಿಗೆ ಬಿಟ್ಟುಕೊಟ್ಟಿತ್ತು. ಯುದ್ಧದಲ್ಲಿ ಅವು ಸಿಕ್ಕಿದ್ದರೆ ಹಡಗುಗಳಿಗೆ ಕಾವಲು ಇನ್ನಷ್ಟು ದೂರದವರೆಗೆ ಹೋಗಬಹುದಿತ್ತು. ಸಿಗಲಿಲ್ಲ. ಐರ್ಲೆಂಡಿನ ಚಹಾ, ಪೆಟ್ರೋಲ್ ಕೂಡ ಬಹುಪಾಲು ಆ ಬ್ರಿಟಿಷ್ ಹಡಗುಗಳಲ್ಲೇ ಬರುತ್ತಿತ್ತು. ಬೇರೆಯವರು ಜೀವ ಒತ್ತೆ ಇಟ್ಟು ತಂದದ್ದನ್ನು ಕುಡಿದು ನಮಗೂ ಯುದ್ಧಕ್ಕೂ ಸಂಬಂಧವಿಲ್ಲ ಅನ್ನುವುದು ಸರೀನಾ?

ಅಂತರ್ಯುದ್ಧದ ಭಯ ನಿಜ, ಒಪ್ಪುತ್ತೇನೆ. ಆದರೆ ಆ ಭಯದ ಹೆಸರಲ್ಲಿ ಸ್ವಂತ ಜನರ ಕಣ್ಣು ಕಟ್ಟಿದರು. ಪತ್ರಿಕೆಗಳ ಮೇಲಿನ ಸೆನ್ಸಾರ್ ಎಷ್ಟು ಬಿಗಿ ಅಂದರೆ, ಐರಿಷರು ಬ್ರಿಟಿಷ್ ಸೇನೆಯಲ್ಲಿದ್ದಾರೆ ಅಂತ ಬರೆಯುವುದೇ ಕಷ್ಟ. ಬ್ರಿಟನ್ನಿನ 'ಪ್ರಿನ್ಸ್ ಆಫ್ ವೇಲ್ಸ್' ಯುದ್ಧನೌಕೆ ಮುಳುಗಿದಾಗ ಬದುಕುಳಿದವರಲ್ಲಿ ಐರಿಷ್ ಟೈಮ್ಸ್ ಪತ್ರಿಕೆಯ ಹಳೇ ಸಿಬ್ಬಂದಿಯೊಬ್ಬರಿದ್ದರು. ಸಂಪಾದಕ ಸ್ಮೈಲಿ ಅದನ್ನು 'ದೋಣಿ ಅಪಘಾತ' ಅಂತ ಅಚ್ಚು ಹಾಕಿಸಿ ಸೆನ್ಸಾರ್ ದಾಟಿಸಿದರು! ನಗು ಬರುತ್ತೆ. ಆದರೆ ಇದೇ ಸೆನ್ಸಾರ್ ನಾಜಿಗಳ ಕ್ರೌರ್ಯದ ಸುದ್ದಿಯನ್ನೂ ಜನರಿಂದ ದೂರ ಇಟ್ಟಿತ್ತು.

1945ರ ಏಪ್ರಿಲ್‌ನಲ್ಲಿ ನಾಜಿಗಳ ಬೆರ್ಗೆನ್-ಬೆಲ್ಸೆನ್ ಸೆರೆ ಶಿಬಿರದ ಹೆಣದ ರಾಶಿಗಳನ್ನು ಜಗತ್ತೇ ನೋಡಿತು. ಮೇ 2ರಂದು ಡಿ ವಲೇರಾ ಜರ್ಮನ್ ಪ್ರತಿನಿಧಿ ಹೆಂಪೆಲ್ ಹತ್ತಿರ ಹೋಗಿ ಹಿಟ್ಲರ್ ಸತ್ತದ್ದಕ್ಕೆ ಸಂತಾಪ ಹೇಳಿದರು. ಹೋಗದಿದ್ದರೆ ಸೌಜನ್ಯ ತಪ್ಪಿದಂತೆ ಅಂತ ಅವರ ವಾದ. ಬ್ಲ್ಯಾಕ್‌ಸಾಡ್‌ನಿಂದ ಹವಾಮಾನ ವರದಿ ಕಳಿಸುವಾಗ ನಿಯಮ ಸಡಿಲ, ಹಿಟ್ಲರನ ವಿಷಯ ಬಂದಾಗ ಮಾತ್ರ ಕಟ್ಟುನಿಟ್ಟು!

ಅದಕ್ಕಿಂತ ಕೆಟ್ಟದ್ದು ಆಗಸ್ಟ್‌ನಲ್ಲಿ ಬಂತು. ಸುಮಾರು 5,000 ಸೈನಿಕರು ಐರಿಷ್ ಸೇನೆ ಬಿಟ್ಟು ಮಿತ್ರಪಡೆ ಸೇರಿದ್ದರು. ಹೇಳದೆ ಕೇಳದೆ ಸೇನೆ ಬಿಟ್ಟದ್ದು ತಪ್ಪೇ, ಶಿಕ್ಷೆ ಇರಲಿ. ಆದರೆ ವಿಚಾರಣೆಯೇ ಇಲ್ಲದೆ, ಒಂದೇ ಆದೇಶದಲ್ಲಿ ಎಲ್ಲರ ಪಿಂಚಣಿ ಕಿತ್ತುಕೊಂಡರು. ಸರ್ಕಾರಿ ಸಂಬಳದ ಯಾವ ಕೆಲಸಕ್ಕೂ ಏಳು ವರ್ಷ ಸೇರಿಸಬಾರದು ಅಂದರು. ಜನ ಅದಕ್ಕೆ 'ಹಸಿವಿನ ಆದೇಶ' ಅಂತ ಹೆಸರಿಟ್ಟರು. ಯುದ್ಧ ಆಗ ಮುಗಿದಿತ್ತು, ದೇಶ ಒಡೆಯುವ ಭಯವೂ ಇರಲಿಲ್ಲ. ಇವರಿಗೆ ಕ್ಷಮೆ ಕೊಡುವ ಕಾನೂನು ಬಂದದ್ದು 2013ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹುತೇಕರು ತೀರಿಕೊಂಡಿದ್ದರು.