ಕಣಜದ ಗೂಡು ಕೀಳೋಕೆ ಯಾರನ್ನು ಹತ್ತಿಸುತ್ತೀರಿ?

ಮೊನ್ನೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. "ಮನೆ ಹಿಂದೆ ಕಣಜ ಗೂಡು ಕಟ್ಟಿದೆ. ತೆಗೆಯೋಕೆ ಯಾರಾದ್ರೂ ಹುಡುಗ ಸಿಗ್ತಾನಾ? 300 ರೂಪಾಯಿ ಕೊಡ್ತೀವಿ." ಹತ್ತು ನಿಮಿಷದಲ್ಲಿ ಅದರ ಕೆಳಗೆ ಹದಿನೈದು ಉತ್ತರ. ಪೆಟ್ರೋಲ್ ಹಾಕಿ ಅಂದವರು ಒಬ್ಬರು. ಸೀಮೆಎಣ್ಣೆ ಎರಚಿ ಅಂದವರು ಇನ್ನೊಬ್ಬರು (ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ ಮಾರಾಯ್ರೆ?). ಉದ್ದನೆ ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಇಡಿ ಅಂತ ಮತ್ತೊಬ್ಬರು. ಯಾವ ಹುಳ, ಗೂಡು ಎಷ್ಟು ದೊಡ್ಡದು, ಎಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ. ಆ ಹುಡುಗ ಯಾರ ಮನೆಯವನು ಅನ್ನೋದಂತೂ ಯಾರಿಗೂ ಬೇಕಾಗಿರಲಿಲ್ಲ.

ಅಲ್ಲಿ ಬರೆದರೆ ಜಗಳ ಆಗುತ್ತೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನನ್ನ ಮರ್ಯಾದೆ ನಾನೇ ತೆಗೆದುಕೊಳ್ಳುತ್ತೇನೆ. ಐದಾರು ವರ್ಷದ ಹಿಂದೆ ನಮ್ಮ ಅಡುಗೆಮನೆ ಕಿಟಕಿಯ ಸಜ್ಜಾ ಕೆಳಗೆ ಅಂಗೈಯಷ್ಟು ಅಗಲದ ಒಂದು ಗೂಡಿತ್ತು. ತಿಂಗಳುಗಟ್ಟಲೆ ಇತ್ತು, ಯಾರಿಗೂ ಏನೂ ಮಾಡಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನನಗೆ ಎಲ್ಲಿಂದಲೋ ಪೌರುಷ ಬಂತು. ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಜಿರಳೆಗೆ ಹೊಡೆಯುವ ಸ್ಪ್ರೇ ಹಿಡಿದು, ಬನಿಯನ್ನಿನಲ್ಲೇ ಹತ್ತಿದೆ. ಅಮ್ಮ ಒಳಗಿಂದ "ಬೇಡ ಕಣೋ, ಸುಮ್ನೆ ಅದರ ಪಾಡಿಗೆ ಇದೆ" ಅಂದಳು. ನಾನು ಬಟನ್ ಒತ್ತಿದೆ. ಅವು ಸಾಯೋಕೆ ತೆಗೆದುಕೊಂಡಿದ್ದು ಬಹುಶಃ ಅರ್ಧ ನಿಮಿಷ, ನನಗೆ ಹೊಡೆಯೋಕೆ ಎರಡೇ ಸೆಕೆಂಡ್. ರೆಪ್ಪೆಗೆ ಒಂದು, ಕಿವಿಗೆ ಒಂದು, ಭುಜಕ್ಕೆ ಮೂರು. ಬೀಡಿ ಕೊಳ್ಳಿಯನ್ನು ಚರ್ಮಕ್ಕೆ ಒತ್ತಿ ತಿರುವಿದ ಹಾಗೆ. ಸ್ಟೂಲ್ ಒಂದು ಕಡೆ, ನಾನು ಒಂದು ಕಡೆ. ಮಾರನೇ ದಿನ ದೊಡ್ಡಪ್ಪನ ಮಗಳ ಮದುವೆ. ಆಲ್ಬಮ್ಮಿನ ಎಲ್ಲಾ ಫೋಟೋದಲ್ಲೂ ನಾನು ವಧುವರರಿಗೆ ಕಣ್ಣು ಹೊಡೆಯುತ್ತಿದ್ದೇನೆ.

ನನ್ನ ತಪ್ಪು ಏನು ಅಂತ ಆಮೇಲೆ ಗೊತ್ತಾಯಿತು. ಒಂದಲ್ಲ, ಎಲ್ಲವೂ ತಪ್ಪೇ. ನಡುಮಧ್ಯಾಹ್ನ ಅವು ಚುರುಕಾಗಿರುವ ಹೊತ್ತು. ಸ್ಟೂಲ್ ಮೇಲೆ ನಿಂತವನಿಗೆ ಓಡೋಕೆ ದಾರಿ ಇಲ್ಲ. ಜೇನುನೊಣಕ್ಕಾದರೆ ಒಂದು ಸಲ ಚುಚ್ಚಿದರೆ ಮುಳ್ಳು ನಮ್ಮ ಮೈಯಲ್ಲೇ ಉಳಿದು ಅದು ಸಾಯುತ್ತದೆ. ಕಣಜದ ಮುಳ್ಳು ಹಾಗೆ ಸಿಕ್ಕಿಕೊಳ್ಳುವುದಿಲ್ಲ, ಒಂದೇ ಹುಳ ಎಷ್ಟು ಸಲ ಬೇಕಾದರೂ ಚುಚ್ಚಬಹುದು. ಭುಜದ ಆ ಮೂರೂ ಒಂದರದ್ದೇ ಕೆಲಸ ಅಂತ ನನ್ನ ಅನುಮಾನ.

ನಾವು ಎಲ್ಲದಕ್ಕೂ ಕಣಜ ಅಂದುಬಿಡುತ್ತೇವೆ ಅಲ್ವಾ, ಗಲಾಟೆ ಶುರುವಾಗೋದೇ ಅಲ್ಲಿ. ಊರಿಂದ ಊರಿಗೆ ಹೆಸರು ಬೇರೆ. ನಮ್ಮ ಮನೆಯಲ್ಲಿ ಸಣ್ಣದು ಕಣಜ, ದೊಡ್ಡದು ಕಡಜ, ಮಣ್ಣಿನ ಗೂಡು ಕಟ್ಟೋದು ಕುಂಬಾರ ಹುಳ. ಈ ಮೂರೂ ಬೇರೆ ಬೇರೆ ಸಂಸಾರ. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಮಾಡಿದರೆ ಕೆಟ್ಟಿರಿ.

ಕುಂಬಾರ ಹುಳದಿಂದ ಶುರು ಮಾಡೋಣ. ಗೋಡೆ ಮೂಲೆ, ಸ್ವಿಚ್ ಬೋರ್ಡಿನ ಸಂದು, ದೇವರ ಪಟದ ಹಿಂದೆ, ಎಲ್ಲಿ ಅಂದರೆ ಅಲ್ಲಿ ಮಣ್ಣು ತಂದು ಮೆತ್ತುತ್ತದಲ್ಲ, ಅದು. ಅದಕ್ಕೆ ಸೈನ್ಯ ಇಲ್ಲ, ರಾಣಿ ಇಲ್ಲ. ಒಂಟಿ ತಾಯಿ. ಕೆಲವು ಜಾತಿಯವು ಜೇಡ ಹಿಡಿದು ತರುತ್ತವೆ, ಕೆಲವು ಹಸಿರು ಕಂಬಳಿಹುಳ. ಚುಚ್ಚಿ ಸ್ತಬ್ಧ ಮಾಡಿ, ಸಾಯಿಸದೆ, ಒಳಗೆ ತುಂಬಿ, ಒಂದು ಮೊಟ್ಟೆ ಇಟ್ಟು ಬಾಗಿಲು ಮೆತ್ತಿ ಹೋಗುತ್ತದೆ. ಮರಿ ಅದನ್ನೇ ತಿಂದು ಬೆಳೆದು ಗೋಡೆ ಒಡೆದು ಹೊರಗೆ ಬರುತ್ತದೆ. ಹುಳ ಒಳಗೆ ಹೋಗಿದ್ದು, ಕಣಜ ಹೊರಗೆ ಬಂದಿದ್ದು ನೋಡಿದ ಹಳಬರು, ಕಣಜ ಝೇಂಕರಿಸಿ ಝೇಂಕರಿಸಿ ಹುಳವನ್ನೇ ತನ್ನಂತೆ ಮಾಡಿತು ಅಂದುಕೊಂಡರು. ಗುರು ಶಿಷ್ಯನನ್ನು ತನ್ನಂತೆಯೇ ಮಾಡಿಕೊಳ್ಳುತ್ತಾನೆ ಅನ್ನೋಕೆ ಹೋಲಿಕೆಯಾಗಿ ಹೇಳುವ ಭ್ರಮರಕೀಟ ನ್ಯಾಯ ಅನ್ನೋದು ಅದೇ. ನಮ್ಮ ವಚನಗಳಲ್ಲಿ ಬರುವ ಕೀಡೆ (ಹುಳ) ಮತ್ತು ಕುಂಡಲಿಗದ (ಕಣಜದ) ಮಾತೂ ಅದೇ. ಹೋಲಿಕೆ ಎಷ್ಟು ಚೆಂದ ಇದೆ ಅಂದರೆ ನಿಜ ಗೊತ್ತಾದಾಗ ನನಗೆ ಸ್ವಲ್ಪ ಬೇಜಾರೇ ಆಯಿತು. ಗುರು ಶಿಷ್ಯನನ್ನು ತನ್ನಂತೆ ಮಾಡಿಕೊಂಡಿಲ್ಲ, ಗುರುವಿನ ಮಗ ಶಿಷ್ಯನನ್ನು ತಿಂದಿದ್ದಾನೆ!

ಈ ಹುಳ ಹಿಡಿದು ಹಿಂಡಿದರೆ ಹೊರತು ಹೆಚ್ಚುಕಡಿಮೆ ಚುಚ್ಚುವುದೇ ಇಲ್ಲ. ಅಜ್ಜಿ ಇದ್ದಾಗ ಮನೆಯೊಳಗೆ ಇದು ಗೂಡು ಕಟ್ಟಿದರೆ ಮುಟ್ಟೋಕೆ ಬಿಡುತ್ತಿರಲಿಲ್ಲ. ಮನೆಯಲ್ಲಿ ತೊಟ್ಟಿಲು ತೂಗುತ್ತೆ ಅನ್ನುತ್ತಿದ್ದಳು. ನಮ್ಮ ಟಿವಿ ಹಿಂದೆ ಆರು ಗೂಡಿದ್ದವು, ತೊಟ್ಟಿಲು ಒಂದೂ ತೂಗಲಿಲ್ಲ, ಆ ಮಾತು ಬೇರೆ. ನಿಮಗೆ ಗೋಡೆ ಗಲೀಜು ಕಾಣುತ್ತೆ ಅಂದರೆ ತೂತು ಬಿದ್ದ ಹಳೆ ಗೂಡನ್ನು ಚಾಕುವಿನಲ್ಲಿ ಕೆರೆದು ಹಾಕಿ. ಐದು ನಿಮಿಷದ ಕೆಲಸ. ಇದಕ್ಕೆ ಸ್ಪ್ರೇ ಬೇಡ, ಹುಡುಗ ಬೇಡ.

ಎರಡನೆಯದು ನನಗೆ ಹೊಡೆದದ್ದು. ಕಾಗದದ ಹಾಗಿರುವ, ಸಣ್ಣ ತೊಟ್ಟಿನಿಂದ ನೇತಾಡುವ, ಕೆಳಗಿನಿಂದ ನೋಡಿದರೆ ಕೋಣೆ ಕೋಣೆ ಕಾಣುವ ಗೂಡು. ಒಣಮರ ಕೆರೆದು, ಎಂಜಲಲ್ಲಿ ಅಗಿದು ಕಟ್ಟಿದ್ದು. ಇದರ ಒಂದು ಜಾತಿ, ರೋಪಲಿಡಿಯಾ ಮಾರ್ಜಿನೇಟಾ, ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದಶಕಗಟ್ಟಲೆ ಕೂತು ನೋಡಿದ್ದಾರೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ ನೋಡೋದು ಅವರ ಪದ್ಧತಿ. ಅವರು ಕಂಡುಕೊಂಡದ್ದರಲ್ಲಿ ನನಗೆ ತುಂಬ ಇಷ್ಟವಾದ್ದು: ಈ ಗೂಡಿನ ರಾಣಿ ಬಹಳ ಸಾಧು. ಯಾರ ಮೇಲೂ ಜೋರು ಮಾಡುವುದಿಲ್ಲ. ಆದರೆ ರಾಣಿಯನ್ನು ತೆಗೆದುಬಿಟ್ಟರೆ ಕೆಲವೇ ನಿಮಿಷದಲ್ಲಿ ಕೆಲಸದವಳೊಬ್ಬಳು ಎಲ್ಲರ ಮೇಲೂ ಎರಗೋಕೆ ಶುರು ಮಾಡುತ್ತಾಳೆ. ರಾಣಿ ವಾಪಸ್ ಬರದಿದ್ದರೆ ಅವಳೇ ಮುಂದಿನ ರಾಣಿ. ಆಮೇಲೆ ಅವಳೂ ಸಾಧು ಆಗುತ್ತಾಳೆ. ಇದನ್ನು ಓದಿದಾಗ ನಮ್ಮ ಆಫೀಸು ನೆನಪಾಯಿತು. ಬೇಡ ಬಿಡಿ.

ಇವು ಮರಿಗಳಿಗೆ ಉಣಿಸುವುದು ಹುಳಹುಪ್ಪಟೆಯನ್ನೇ. ಮಲ್ಲಿಗೆ ಗಿಡದ ಮೇಲೆ ಒಂದು ಕಣಜ ಕಂಬಳಿಹುಳವನ್ನು ಹಿಡಿದು, ಅಲ್ಲೇ ಕೂತು ಚೂರು ಚೂರು ಮಾಡಿ, ಉಂಡೆ ಕಟ್ಟಿಕೊಂಡು ಹಾರಿದ್ದನ್ನು ನಾನೇ ನೋಡಿದ್ದೇನೆ. ಹುಳಕ್ಕೆ ದುಡ್ಡು ಕೊಟ್ಟು ಔಷಧಿ ಹೊಡೆಯೋ ನಾವು, ಬಿಟ್ಟಿ ಕೆಲಸದವರನ್ನು ಸಾಯಿಸುತ್ತೇವೆ. ಆ ಭಾನುವಾರದ ನಂತರ ಮತ್ತೆ ಅದೇ ಸಜ್ಜಾಕ್ಕೆ ಗೂಡು ಬಂತು. ಈ ಸಲ ನಾನು ಮುಟ್ಟಲಿಲ್ಲ. ದಿನಾ ಕಾಫಿ ಕುಡಿಯುತ್ತಾ ನೋಡೋಕೆ ಶುರು ಮಾಡಿದೆ. ಒಂದು ಹುಳ ಆಗಾಗ ಮೇಲೆ ಹೋಗಿ ಆ ತೊಟ್ಟಿಗೆ ಹೊಟ್ಟೆ ಉಜ್ಜಿ ಬರುತ್ತಿತ್ತು. ಇರುವೆ ಇಳಿಯದ ಹಾಗೆ ಅಲ್ಲಿ ಒಂದು ರಸ ಬಳಿಯುತ್ತವಂತೆ. ನಾವು ಸಕ್ಕರೆ ಡಬ್ಬಿ ಸುತ್ತ ಲಕ್ಷ್ಮಣರೇಖೆ ಎಳೆಯುತ್ತೇವಲ್ಲ, ಹಾಗೆ.

ಹಾಗಂತ ಎಲ್ಲವನ್ನೂ ಸಾಕಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ದಿನಾ ತಲೆ ತಾಗುವ ಬಾಗಿಲ ಮೇಲೆ, ಗೇಟಿನ ಪೈಪಿನೊಳಗೆ, ಮೀಟರ್ ಬಾಕ್ಸಿನಲ್ಲಿ, ಮಕ್ಕಳ ಸೈಕಲ್ ಇಡುವ ಜಾಗದಲ್ಲಿ ಕಟ್ಟಿದರೆ ತೆಗೆಯಲೇಬೇಕು. ಹಾಗೆ ತೆಗೆಯುವುದಿದ್ದರೆ ಒಂದೆರಡು ಹುಳ, ನಾಲ್ಕೈದು ಕೋಣೆ ಇರುವಾಗಲೇ ತೆಗೆಯಿರಿ. ಕತ್ತಲಾಗುವ ಹೊತ್ತಿಗೆ, ತುಂಬುತೋಳಿನ ಅಂಗಿ ಹಾಕಿ, ದೂರದಿಂದ ಪಾತ್ರೆ ತೊಳೆಯುವ ಸೋಪಿನ ನೀರು ಜೋರಾಗಿ ಎರಚಿ, ಉದ್ದ ಕೋಲಿನಿಂದ ಗೂಡು ಬೀಳಿಸಿ. ಮೀಟರ್ ಬಾಕ್ಸ್ ಆದರೆ ಮಾತ್ರ ನೀರು ತೋರಿಸಬೇಡಿ, ಕರೆಂಟಿನವರನ್ನು ಕರೆಯಿರಿ. ನೆಲದ ಮೇಲೆ ನಿಂತೇ ಮಾಡಿ. ಸ್ಟೂಲ್ ಹತ್ತಬೇಡಿ ಅಂತ ಯಾರು ಹೇಳುತ್ತಿರೋದು ನೋಡಿ. ತೊಟ್ಟನ್ನೂ ಕೆರೆದು ಸುಣ್ಣ ಬಳಿದರೆ ಆಯಿತು. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಅಂಗೈಯಗಲದ ಗೂಡಿಗೆ ಮನೆ ಸುಟ್ಟುಕೊಳ್ಳಬೇಕಾ?

ಮೂರನೆಯದು ಕಡಜ. ಇಲ್ಲಿ ನನ್ನ ತಮಾಷೆ ನಿಲ್ಲುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಊರಮನೆ. ಒಂದು ವರ್ಷ ನವರಾತ್ರಿ ಹೊತ್ತಿಗೆ ತೋಟದಂಚಿನ ಹಲಸಿನ ಮರದಲ್ಲಿ ಬಿಂದಿಗೆಯಷ್ಟು ದೊಡ್ಡ ಗೂಡು ಕಂಡಿತು. ಹೊರಗೆಲ್ಲ ಕಂದು ಪಟ್ಟೆ ಪಟ್ಟೆಯ ಸಿಪ್ಪೆ, ಪಕ್ಕದಲ್ಲಿ ಒಂದೇ ಒಂದು ತೂತು, ಅಲ್ಲಿ ಕಾವಲಿಗೆ ಒಂದೆರಡು ತಲೆ. ಕಪ್ಪು ಮೈ, ಹೊಟ್ಟೆಯ ಮುಂಭಾಗ ಕಿತ್ತಳೆ ಬಣ್ಣ. ಇವಕ್ಕೆ ಒಂದಕ್ಕೆ ಏಟು ಬಿದ್ದರೆ ಅದರಿಂದ ಹೊರಡುವ ವಾಸನೆಗೇ ಉಳಿದವು ಎದ್ದು ಬರುತ್ತವೆ. ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರ ಬಂದಿತ್ತು. ಮರ ಹತ್ತೋದರಲ್ಲಿ, ಕೊನೆ ಇಳಿಸುವ ನಮ್ಮ ಕೊನೆಗೌಡನಿಗೆ ಸಮ ಯಾರೂ ಇಲ್ಲ. ಚಿಕ್ಕಪ್ಪ ಅವನಿಗೆ, "ರಾತ್ರಿ ಸೂಡಿ ಹೊತ್ತಿಸಿಕೊಂಡು ಹತ್ತಿ ಸುಟ್ಟುಬಿಡು ಮಾರಾಯ, ಸಾವಿರ ಕೊಡ್ತೀನಿ" ಅಂದರು.

ಅವನು ಎಲೆಯಡಿಕೆ ಉಗಿದು ಬಂದು ಹೇಳಿದ ಮಾತು ಇದು: "ಮರದ ಮೇಲೆ ಇದ್ದವ ಎಲ್ಲಿಗೆ ಓಡೋದು ಅಯ್ಯಾ? ಕೈ ಬಿಟ್ರೆ ಬೀಳ್ಬೇಕು, ಹಿಡ್ಕಂಡ್ರೆ ಹೊಡೆಸ್ಕಬೇಕು. ನೀವು ಕೆಳಗೆ ಕಂಬಳಿ ಹೊದ್ಕಂಡು ನಿಂತಿರ್ತೀರಿ."

ಚಿಕ್ಕಪ್ಪನ ಬಾಯಿ ಕಟ್ಟಿತು. ನನ್ನದೂ. ಅವನು ಅಲ್ಲ ಅನ್ನಬಲ್ಲವನು, ಯಾಕೆಂದರೆ ಕೊಯ್ಲಿನ ಕಾಲದಲ್ಲಿ ಅವನಿಲ್ಲದೆ ನಮಗೆ ನಡೆಯುವುದಿಲ್ಲ. ದಿನಗೂಲಿಗೆ ಬಂದ ಹುಡುಗನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಮನೆ ಕಾಯುವವನಿಗೆ? ಗಾರೆ ಕೆಲಸಕ್ಕೆ ಬಂದವನಿಗೆ "ಹಾಗೇ ಇದೊಂದು ತೆಗೆದುಬಿಡಪ್ಪ" ಅಂದರೆ ಅವನು ಏನು ಹೇಳಬೇಕು? ನಮಗೆ ಭಯ ಆಗುವ ಕೆಲಸಕ್ಕೆ ನಾವು ಹುಡುಕುವುದು ಕೆಲಸ ಗೊತ್ತಿರುವವನನ್ನಲ್ಲ, ಬೇಡ ಅನ್ನಲಾಗದವನನ್ನು. ನನಗೆ ಸಿಟ್ಟು ಬರೋದು ಇದಕ್ಕೇ.

ನಾವು ಆ ಗೂಡನ್ನು ಹಾಗೇ ಬಿಟ್ಟೆವು. ಆ ಕಡೆಯ ಕಾಲುದಾರಿಗೆ ಅಡ್ಡ ಮುಳ್ಳು ಹಾಕಿ, ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿ, ದನ ಆ ಕಡೆ ಹೋಗದ ಹಾಗೆ ನೋಡಿಕೊಂಡು, ಮೂಲೆಯ ಇಪ್ಪತ್ತು ಮೂವತ್ತು ಮರದ ಕೊನೆ ತಡವಾಗಿ ಇಳಿಸಿದೆವು. ಅಷ್ಟರಲ್ಲಿ ಒಂದಷ್ಟು ಅಡಿಕೆ ಹಣ್ಣಾಗಿ ಉದುರಿತು, ಚಿಕ್ಕಪ್ಪ ಇವತ್ತಿಗೂ ಅದನ್ನು ಹೇಳುತ್ತಾರೆ. ಶಿವರಾತ್ರಿ ಹೊತ್ತಿಗೆ ಗೂಡು ಖಾಲಿಯಾಗಿ ಗಾಳಿಗೆ ಹರಿದು ನೇತಾಡುತ್ತಿತ್ತು.

ಬಿಡೋಕೆ ಆಗದ ಜಾಗವೂ ಇರುತ್ತದೆ. ಶಾಲೆ, ಬಸ್ ಸ್ಟ್ಯಾಂಡ್, ಮಹಡಿ ಮೆಟ್ಟಿಲು. ಅಲ್ಲಿಗೆ ಮೈತುಂಬ ಮುಚ್ಚುವ ದಪ್ಪ ಸೂಟು ಇರುವ, ಇದೇ ಕೆಲಸ ಮಾಡುವವರೇ ಬರಬೇಕು. ಜೇನಿನವರ ಮುಖಪರದೆ ಒಂದೇ ಸಾಲದು. ರಾತ್ರಿ ಟಾರ್ಚ್ ಹಿಡಿದು ಹೋಗುತ್ತೀನಿ ಅನ್ನೋ ಶೂರರಿಗೆ ಒಂದು ಮಾತು: ಕೆಣಕಿದ ಗೂಡಿನಿಂದ ಅವು ಆ ಬೆಳಕಿಗೇ ನೇರ ಬರುತ್ತವೆ.

ಹೊಡೆದರೆ ಏನು ಮಾಡಬೇಕು? ಮೊದಲು ಅಲ್ಲಿಂದ ದೂರ ಓಡಿ, ಕೈ ಬೀಸುತ್ತಾ ಅಲ್ಲೇ ನಿಲ್ಲಬೇಡಿ. ಸೋಪಿನಲ್ಲಿ ತೊಳೆದು ಐಸ್ ಇಡಿ. ಕೈಗೆ ಹೊಡೆದಿದ್ದರೆ ಉಂಗುರ ತಕ್ಷಣ ತೆಗೆಯಿರಿ, ಆಮೇಲೆ ಬರುವುದಿಲ್ಲ. ಸುಣ್ಣ, ಈರುಳ್ಳಿ, ಹುಣಸೆಹಣ್ಣು ಅಂತ ಕೂತು ಹೊತ್ತು ಕಳೆಯಬೇಡಿ. ಮೈಯೆಲ್ಲ ದದ್ದು, ತುಟಿ ಗಂಟಲು ಬಾತು, ಉಸಿರು ಸಿಕ್ಕಿಕೊಳ್ಳೋದು, ವಾಂತಿ, ತಲೆಸುತ್ತು, ಇದರಲ್ಲಿ ಏನಾದರೂ ಶುರುವಾದರೆ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಜೀವ ಉಳಿಸುತ್ತದೆ, ಅದಕ್ಕೆ ಬದಲಿ ಯಾವ ಸೊಪ್ಪೂ ಇಲ್ಲ. ಅಲರ್ಜಿ ಇರುವವರಿಗೆ ಒಂದೇ ಏಟು ಸಾಕು. ಕಡಜ ತುಂಬ ಕಡೆ ಹೊಡೆದಿದ್ದರೆ ಅವತ್ತು ಚೆನ್ನಾಗಿದ್ದರೂ ಡಾಕ್ಟರಿಗೆ ತೋರಿಸಿ. ಒಂದೆರಡು ದಿನ ಬಿಟ್ಟು ಕಿಡ್ನಿಗೆ ತೊಂದರೆ ಕಾಣಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ.

ಬರೆಯುತ್ತಾ ತಡೆಯಲಾಗದೆ ಆ ವಾಟ್ಸಾಪ್ ಮೇಡಮ್ಮಿಗೆ "ಗೂಡಿನ ಒಂದು ಫೋಟೋ ಕಳಿಸಿ ಅಕ್ಕಾ" ಅಂತ ಕೇಳಿದೆ. ಕಳಿಸಿದರು. ಬಚ್ಚಲುಮನೆಯ ಹೊರಗೋಡೆ, ಆಳೆತ್ತರದಲ್ಲಿ, ಹೆಬ್ಬೆರಳುದ್ದದ ಮಣ್ಣಿನ ಗೂಡು. ಮೂರು ತೂತು ಬಿದ್ದು ಖಾಲಿಯಾಗಿದೆ.

"ಒಳಗೆ ಏನೂ ಇಲ್ಲ ಅಕ್ಕಾ, ಚಾಕು ತಗೊಂಡು ಕೆರೆದುಬಿಡಿ" ಅಂತ ಬರೆದೆ.

"ಅಯ್ಯೋ ಹೆದರಿಕೆ ಆಗುತ್ತಪ್ಪ. ಇಸ್ತ್ರಿ ಅಂಗಡಿ ಹುಡುಗ ಒಪ್ಕೊಂಡಿದ್ದಾನೆ, ಸಂಜೆ ಪೆಟ್ರೋಲ್ ತಗೊಂಡು ಬರ್ತಾನೆ" ಅಂದರು.

ಈಗ ನಾಲ್ಕೂಕಾಲು. ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ. ಅಡುಗೆಮನೆಯ ಹಳೇ ಚಾಕು ಜೇಬಿನಲ್ಲಿದೆ.