ಸಿಂಧೂ ತೀರದಲ್ಲಿ ಹುಟ್ಟಿದವನ ತಪ್ಪೇನು?

ಇಟಲಿಯ ಮಧ್ಯಯುಗದ ಕವಿ ಡಾಂಟೆಯ ಹೆಸರೆತ್ತಿದರೆ ಸಾಕು, ಮಾತು ನೇರ ನರಕಕ್ಕೇ ಇಳಿಯುತ್ತದೆ. ನರಕ, ಶುದ್ಧಿಲೋಕ, ಸ್ವರ್ಗಗಳಲ್ಲಿ ತಾನೇ ಸಂಚರಿಸಿದಂತೆ ಅವನು ಬರೆದ 'ಡಿವೈನ್ ಕಾಮಿಡಿ' ಕಾವ್ಯದ ಕೊನೆಯ, ಅಂದರೆ ಸ್ವರ್ಗದ ಭಾಗವಾದ 'ಪ್ಯಾರಡೈಸೊ'ದಲ್ಲಿ ಬರೀ ಧರ್ಮಶಾಸ್ತ್ರದ ಚರ್ಚೆಯೇ ತುಂಬಿದೆಯೆಂದು ಅದನ್ನು ಅರ್ಧಕ್ಕೇ ಬಿಟ್ಟವರು ಬಹಳ. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಚಂದ್ರನಲ್ಲಿ ಕಲೆಗಳೇಕಿವೆಯೆಂದು ಎರಡನೆಯ ಸರ್ಗದಲ್ಲಿ, ಸ್ವರ್ಗದಲ್ಲಿ ಕವಿಗೆ ದಾರಿ ತೋರುವ ಬಿಯಾಟ್ರಿಸ್ ವಿವರಿಸುವಾಗ ನನಗೂ ಆಕಳಿಕೆ ಬಂದದ್ದುಂಟು. ಆದರೂ ಇಡೀ ಕಾವ್ಯದ ಅತ್ಯಂತ ದಿಟ್ಟ ಪ್ರಶ್ನೆಯಿರುವುದು ಈ ಭಾಗದ 19ನೆಯ ಸರ್ಗದಲ್ಲಿ ಎಂಬುದು ನನ್ನ ಅಭಿಪ್ರಾಯ.

ಚಂದ್ರನಿಂದ ಹಿಡಿದು ಒಂದೊಂದೇ ಮಂಡಲವನ್ನು ದಾಟುತ್ತ ಗುರುಮಂಡಲಕ್ಕೆ ಬಂದ ಕವಿಯ ಎದುರು ನ್ಯಾಯವಂತರ ಆತ್ಮಗಳು ಬೆಳಕಾಗಿ ನೆರೆದು ಒಂದು ಹದ್ದಿನ ಆಕಾರ ತಾಳುತ್ತವೆ. ಅಷ್ಟೂ ಆತ್ಮಗಳು ಕೂಡಿ, 'ನಾವು' ಎನ್ನಬೇಕಾದಲ್ಲಿ 'ನಾನು' ಎಂದು ಒಂದೇ ದನಿಯಲ್ಲಿ ಮಾತನಾಡುತ್ತವೆ. ಕವಿ ಬಹುಕಾಲದಿಂದ ಒಳಗೇ ಇಟ್ಟುಕೊಂಡಿದ್ದ ಸಂಶಯವನ್ನು ಆ ಹದ್ದೇ ಆಡಿ ತೋರಿಸುತ್ತದೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ; ಅಲ್ಲಿ ಕ್ರಿಸ್ತನ ವಿಚಾರ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ; ಮನುಷ್ಯನ ಬುದ್ಧಿಗೆ ಕಾಣುವಷ್ಟರಲ್ಲಿ ಅವನ ನಡೆನುಡಿಯಲ್ಲಿ ಪಾಪವಿಲ್ಲ; ದೀಕ್ಷಾಸ್ನಾನವಿಲ್ಲದೆ ಅವನು ಸತ್ತರೆ ಅವನನ್ನು ದಂಡಿಸುವ ನ್ಯಾಯ ಯಾವುದು? 1302ರಲ್ಲಿ ಫ್ಲಾರೆನ್ಸ್ ನಗರವು ಡಾಂಟೆಯ ಗೈರುಹಾಜರಿಯಲ್ಲೇ ಶಿಕ್ಷೆ ವಿಧಿಸಿತ್ತು; ಅದರಿಂದಾಗಿ ಮತ್ತೆಂದೂ ತನ್ನೂರಿಗೆ ಮರಳಲಾಗದವನು ಕೇಳಿದ ಪ್ರಶ್ನೆಯಿದು ಎಂಬುದನ್ನು ಮರೆಯಬಾರದು.

ಹದ್ದು ಕೊಡುವ ಉತ್ತರ ಗದರಿಕೆಯಂತಿದೆ. ಗೇಣುದ್ದ ನೋಟವಿಟ್ಟುಕೊಂಡು ಸಾವಿರ ಮೈಲಿಯಾಚೆಯದನ್ನು ನಿರ್ಣಯಿಸಲು ಪೀಠವೇರಿದ ನೀನಾರು ಎಂದು ಅದು ಕೇಳುತ್ತದೆ. ಇದು ಸಮಾಧಾನವಲ್ಲ, ಬಾಯಿ ಮುಚ್ಚಿಸುವ ಮಾತು. ಆದರೆ ಮುಂದೆಯೇ, 'ಕ್ರಿಸ್ತ, ಕ್ರಿಸ್ತ' ಎಂದು ಕೂಗುವ ಎಷ್ಟೋ ಮಂದಿ ತೀರ್ಪಿನ ದಿನ ಕ್ರಿಸ್ತನನ್ನೇ ಅರಿಯದವನಿಗಿಂತ ಅವನಿಂದ ದೂರವಿರುತ್ತಾರೆ ಎಂದೂ ಅದೇ ಹದ್ದು ಹೇಳುತ್ತದೆ.

ಮುಂದಿನ ಸರ್ಗದಲ್ಲಿ ಇನ್ನೂ ದೊಡ್ಡ ಬೆರಗಿದೆ. ಹದ್ದಿನ ಹುಬ್ಬಿನ ಐದು ಬೆಳಕುಗಳಲ್ಲಿ ಒಬ್ಬ, ಕ್ರಿಸ್ತನಿಗಿಂತ ಎಷ್ಟೋ ಹಿಂದಿನ ಟ್ರಾಯ್ ನಗರದ ರಿಫಿಯಸ್. ಕ್ರೈಸ್ತನಲ್ಲದ ರೋಮಿನ ಟ್ರಾಜನ್ ಚಕ್ರವರ್ತಿ ಅಲ್ಲಿರುವುದಕ್ಕೆ, ಪೋಪ್ ಗ್ರೆಗರಿಯ ಪ್ರಾರ್ಥನೆಯಿಂದ ಅವನಿಗೆ ಮುಕ್ತಿ ದೊರೆಯಿತೆಂಬ ಹಳೆಯ ಐತಿಹ್ಯದ ಆಧಾರವಿತ್ತು. ರಿಫಿಯಸ್‌ಗೆ ಅಂಥದ್ದೇನೂ ಇರಲಿಲ್ಲ. ಪ್ರಾಚೀನ ರೋಮಿನ ಕವಿ ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ಅವನನ್ನು ಟ್ರಾಯ್‌ನವರಲ್ಲೇ ಪರಮ ನ್ಯಾಯನಿಷ್ಠನೆಂದು ಹೊಗಳಿ ಮುಂದೆ ಸಾಗುತ್ತಾನೆ. ಆ ಹೊಗಳಿಕೆಯ ಬಲದಿಂದಲೇ ಡಾಂಟೆ ಅವನನ್ನು ಸ್ವರ್ಗಕ್ಕೆ ಸೇರಿಸಿ, ಮುಂದೆ ಬರಲಿರುವ ಉದ್ಧಾರವನ್ನು ಅವನು ದೈವಕೃಪೆಯಿಂದ ಮೊದಲೇ ಕಂಡು ನಂಬಿದ್ದನೆಂಬ ವಿವರಣೆಯನ್ನೂ ಜೋಡಿಸುತ್ತಾನೆ. ನನ್ನ ಮಟ್ಟಿಗೆ ಆ ವಿವರಣೆ ಶಾಸ್ತ್ರಕ್ಕೆ ಸಲ್ಲಿಸಿದ ಕಪ್ಪಕಾಣಿಕೆ; ಆಯ್ಕೆ ಮಾತ್ರ ಪೂರ್ತಿ ಕವಿಯದು. ಆದರೆ ಆ ಸಾಲುಗಳನ್ನು ಬರೆದ, ನರಕದುದ್ದಕ್ಕೂ ಕೈಹಿಡಿದು ನಡೆಸಿದ ವರ್ಜಿಲನನ್ನು ಅದೇ ಡಾಂಟೆ ಲಿಂಬೊದಲ್ಲೇ, ಅಂದರೆ ದೀಕ್ಷಾಸ್ನಾನವಿಲ್ಲದ ಸಜ್ಜನರಿರುವ ನರಕದ ಮೊದಲ ವೃತ್ತದಲ್ಲೇ, ಉಳಿಸಿದ್ದನ್ನು ನಾನು ಯಾವ ವ್ಯಾಖ್ಯಾನ ಓದಿದರೂ ಒಪ್ಪಲಾರೆ.